ಬೇಡ ಎಂದವರಿಗೆಲ್ಲ ಥ್ಯಾಂಕ್ಸ್

ರಿಪೇರಿ ಮುಗಿದು ದೋಣಿ ನೀರಿಗೆ ಇಳಿಯಿತು. ಚೌತಿ ಕಳೆದು ಕಡಲಿನ ಅಬ್ಬರ ತಗ್ಗಿದ ಮೇಲೆ, ಪಡುಕೆರೆಯಲ್ಲಿ ಹೊಳೆ ಬದಿಯಿಂದ ಇಳಿಸಿದೆವು. ಸಹಾಯ ಮಾಡಿದವರಿಗೆಲ್ಲ ಫೋನಿನಲ್ಲಿ ಹೇಳಿ ಮುಗಿಯುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಈ ಮಳೆಗಾಲದಲ್ಲಿ ನನ್ನನ್ನು ಹುರಿದುಂಬಿಸಿದವರು ಬಹಳ ಜನ. ಆದರೆ ದೋಣಿ ಉಳಿದದ್ದು ‘ಬೇಡ’ ಎಂದವರಿಂದ. ಯಾರೂ ಹೆಸರು ಹಾಕಲು ಒಪ್ಪಲಿಲ್ಲ. ಓದಿದರೆ ಅವರವರಿಗೆ ಗೊತ್ತಾಗುತ್ತದೆ.

ಗೊತ್ತಿಲ್ಲದವರಿಗೆ ಹೇಳುವುದಾದರೆ, ಇದು 19 ಅಡಿಯ ಹಳೇ ಫೈಬರ್ ಬೋಟು. ಭಾನುವಾರ ಗಾಳ ಹಾಕಲು, ಮಕ್ಕಳನ್ನು ಕೂರಿಸಿಕೊಂಡು ಒಂದು ಸುತ್ತು ಹೋಗಲು ಅಂತ ನಾನೂ ತಮ್ಮನೂ ಸೇರಿ ಮಂಗಳೂರಿನಿಂದ ಲಾರಿಯಲ್ಲಿ ತಂದದ್ದು. ಬಣ್ಣ ಮಾಸಿತ್ತು, ಸೀಟು ಹರಿದಿತ್ತು. ಅದೆಲ್ಲ ಸುಲಭ, ಬಿಡಿ. ತೊಂದರೆ ಇದ್ದದ್ದು ಹಿಂಬದಿಯ ಗೋಡೆಯಲ್ಲಿ, ಎಂಜಿನ್ ತೂಗುವ ಟ್ರಾನ್ಸಮ್‌ನಲ್ಲಿ. ಹೊರಗೊಂದು ಫೈಬರ್ ಪದರ, ಒಳಗೊಂದು ಪದರ, ನಡುವೆ ಪ್ಲೈವುಡ್. ನಮ್ಮ 40 ಎಚ್‌ಪಿ ಔಟ್‌ಬೋರ್ಡ್ ಎಂಜಿನ್ ಸುಮಾರು 70 ಕಿಲೋ ಭಾರ. ಓಡುವಾಗ ಅದರ ನೂಕು ಬೇರೆ. ಅಷ್ಟನ್ನೂ ಹೊರುವುದು ಆ ನಡುವಿನ ಹಲಗೆ. ಹೊರಗಿನಿಂದ ನೋಡಿದರೆ ಮೂಲೆಗಳಲ್ಲಿ ಕೂದಲೆಳೆಯಷ್ಟು ಬಿರುಕು, ಅಷ್ಟೇ.

ಮೊದಲು ಬೇಡ ಎಂದವರು ಮಲ್ಪೆಯ ಫೈಬರ್ ಕೆಲಸದ ಅಣ್ಣ. ಬಿರುಕಿನ ಮೇಲೆ ಎರಡು ಪದರ ಮ್ಯಾಟ್ (ಗಾಜಿನೆಳೆಯ ಹಾಸು) ಎಳೆದು ಮೇಲೆ ಜೆಲ್‌ಕೋಟ್ ಎಂಬ ಹೊರಲೇಪ ಹೊಡೆದರೆ ಸಾಕಲ್ವಾ ಎಂದು ಕೇಳಿದ್ದೆ. ಅವರು ಉತ್ತರ ಕೊಡಲಿಲ್ಲ. ಸ್ಕ್ರೂಡ್ರೈವರಿನ ಹಿಡಿಯಿಂದ ಟ್ರಾನ್ಸಮ್ ಉದ್ದಕ್ಕೂ ಬಡಿಯುತ್ತಾ ಹೋದರು. ಮೇಲೆ ಟಕ್ ಟಕ್ ಎನ್ನುತ್ತಿದ್ದ ಸದ್ದು ಕೆಳಗಿಳಿದಂತೆ ಡಬ್ ಡಬ್ ಆಯಿತು. ಒಳಗಿನಿಂದ ಸಣ್ಣ ತೂತು ಕೊರೆದರು. ಡ್ರಿಲ್ ಬಿಟ್‌ಗೆ ಅಂಟಿಕೊಂಡು ಬಂದದ್ದು ಕಪ್ಪು ಕೆಸರು. ಹಿಂದೆಯೇ ಕಂದು ನೀರು ಇಳಿಯಿತು. ಎಂಜಿನ್ನಿನ ಕೆಳಗಿನ ಕಾಲಿನ ಮೇಲೆ ನಿಂತು ಮೈಭಾರ ಹಾಕಿದಾಗ ಮೂಲೆಯ ಬಿರುಕು ಬಾಯಿ ಬಿಟ್ಟಿತು. ‘ಅಕ್ಕ, ಇದನ್ನು ಮುಚ್ಚಿಕೊಡಲು ನನ್ನಿಂದ ಆಗುವುದಿಲ್ಲ. ಬಿಚ್ಚುವುದಾದರೆ ಬರುತ್ತೇನೆ’ ಎಂದರು.

ಇಷ್ಟು ನೀರು ಒಳಹೊಕ್ಕಿದ್ದು ಎಲ್ಲಿಂದ ಎಂದುಕೊಂಡಿರಿ? ಯಾವತ್ತೋ ಯಾರೋ ಏಣಿ ಕೂರಿಸಲು ಹಾಕಿದ ನಾಲ್ಕು ಸ್ಕ್ರೂಗಳಿಂದ. ಸೀಲಂಟ್ ಹಾಕದೆ ಬಿಗಿದಿದ್ದರು. ಜೊತೆಗೆ ದೋಣಿಯ ನೀರು ಹೊರಬಿಡುವ ಬಿರಡೆಯ ತೂತು. ಅದರ ಒಳಬದಿಯ ಮರ ಬರಿಮೈಯಲ್ಲಿತ್ತು.

ಆಗ ಜೂನ್. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಬೋಟುಗಳ ರಿಪೇರಿಯೆಲ್ಲ ಆಗಲೇ ನಡೆಯುವುದು. ಫೈಬರ್ ಕೆಲಸದವರಿಗೆ ಉಸಿರಾಡಲೂ ಪುರುಸೊತ್ತಿಲ್ಲದ ಕಾಲ. ಹೊಟ್ಟೆಪಾಡಿನ ದೋಣಿಗಳ ಕೆಲಸ ಮುಗಿಸಿ, ನನ್ನ ಮೋಜಿನ ದೋಣಿಗೆ ಅವರು ಸಂಜೆ ಹೊತ್ತು ಬಂದರು. ಇದು ಸಣ್ಣ ಉಪಕಾರ ಅಲ್ಲ ಮಾರಾಯ್ರೆ.

ಹೊರಪದರವನ್ನು ಹಾಗೇ ಬಿಟ್ಟು, ಒಳಗಿನ ಪದರವನ್ನು ಗ್ರೈಂಡರಿನಿಂದ ಕತ್ತರಿಸಿ ತೆಗೆದೆವು. ಹೊರಪದರ ಬಾಗದಂತೆ ಹಿಂದಿನಿಂದ ಹಲಗೆ ಕೊಟ್ಟು ಬಿಗಿದೆವು. ಸುತ್ತ ಉಳಿಸಿಕೊಂಡ ಹಳೇ ಪದರದ ಅಂಚನ್ನು ಇಳಿಜಾರಾಗಿ ಉಜ್ಜಬೇಕು. ದಪ್ಪದ 12 ಪಟ್ಟು ಅಗಲಕ್ಕೆ, ಅಂದರೆ 5 ಮಿ.ಮೀ. ದಪ್ಪವಿದ್ದರೆ 60 ಮಿ.ಮೀ. ಹೊಸ ಪದರ ಹಳೇದನ್ನು ಹಿಡಿದುಕೊಳ್ಳುವುದು ಆ ಇಳಿಜಾರಿನಲ್ಲೇ. ಕೊಳೆತ ಮರ ಕೈಯಲ್ಲೇ ಕಿತ್ತು ಬಂತು. ಒಣಗಿದೆ, ಇನ್ನು ರೆಸಿನ್ (ಫೈಬರ್ ಎಳೆಗಳನ್ನು ಹಿಡಿದು ಗಟ್ಟಿಯಾಗುವ ಅಂಟು) ಹಾಕೋಣ ಎಂದರೆ ಅಣ್ಣ ಮತ್ತೆ ಬೇಡ ಎಂದರು. ಫೈಬರ್ ಮೇಲೆ ಒಂದು ತುಂಡು ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಬದಿ ಟೇಪ್ ಅಂಟಿಸಿ ಮನೆಗೆ ಹೋದರು. ಬೆಳಿಗ್ಗೆ ಹಾಳೆಯ ಅಡಿಯಲ್ಲಿ ನೀರಿನ ಹನಿ! ಹೊರಗೆ ಸುರಿಯುವ ಮಳೆ, ಶೆಡ್ಡಿನೊಳಗೆ ಹ್ಯಾಲೊಜೆನ್ ದೀಪ, ಫ್ಯಾನು. ಹಾಳೆ ಒಣಗಿಯೇ ಇರುವ ಬೆಳಿಗ್ಗೆ ಬರುವವರೆಗೆ ಕಾದೆವು. ಕರೆಂಟು ಬಿಲ್ಲು ನೋಡಿಯೂ ಮಾತಾಡದ ಗಂಡನಿಗೆ, ಕಾರನ್ನು ಇಡೀ ಮಳೆಗಾಲ ಹೊರಗೆ ನಿಲ್ಲಿಸಿ ಶೆಡ್ ಬಿಟ್ಟುಕೊಟ್ಟದ್ದಕ್ಕೂ ಸೇರಿಸಿ, ಥ್ಯಾಂಕ್ಸ್.

ಇನ್ನು ರೆಸಿನ್ ಅಂಗಡಿಯವರು. ಇಷ್ಟು ಕಡಿಮೆ ವ್ಯಾಪಾರ ಮಾಡಿಸುವ ಅಂಗಡಿಯವರನ್ನು ನಾನು ನೋಡಿಲ್ಲ. ಮ್ಯಾಟ್ ಕೇಳಿದರೆ ಕೊಡಲಿಲ್ಲ. ಸಾಮಾನ್ಯ ಮ್ಯಾಟಿನ ಎಳೆಗಳನ್ನು ಹಿಡಿದಿಡುವ ಅಂಟು ಪಾಲಿಯೆಸ್ಟರ್ ರೆಸಿನ್‌ನಲ್ಲಿರುವ ಸ್ಟೈರೀನ್ ಎಂಬ ದ್ರವಕ್ಕೆ ಕರಗುತ್ತದಂತೆ, ಇನ್ನೊಂದು ಬಗೆಯ ರೆಸಿನ್ ಆದ ಎಪಾಕ್ಸಿಗೆ ಕರಗುವುದಿಲ್ಲವಂತೆ. ಎಪಾಕ್ಸಿಗೆ ನೇಯ್ದ ಬಟ್ಟೆಯೇ ಸರಿ ಎಂದರು. ಹಳೇ ಫೈಬರಿಗೆ ಹಿಡಿಯುವುದರಲ್ಲಿ ಎಪಾಕ್ಸಿಯೇ ಮೇಲು, ರೇಟು ಜಾಸ್ತಿ, ಆದ್ದರಿಂದ ಸ್ವಲ್ಪ ಸ್ವಲ್ಪವೇ ಕೊಂಡುಹೋಗಿ ಎಂದೂ ಹೇಳಿದರು. ಬೇಗ ಗಟ್ಟಿಯಾಗಲಿ ಅಂತ ಎಪಾಕ್ಸಿಗೆ ಹಾರ್ಡನರ್ ಜಾಸ್ತಿ ಸುರಿಯಬೇಡಿ ಎಂದು ಬಿಲ್ಲಿನ ಹಿಂದೆ ಬರೆದೇ ಕೊಟ್ಟರು. ಅದರಲ್ಲಿ ಅಳತೆ ತಪ್ಪಿದರೆ ಕೊನೆಗೂ ಮೆತ್ತಗೇ ಉಳಿಯುತ್ತದೆ. ಮಳೆಗಾಲದ ತೇವಕ್ಕೆ ಎಪಾಕ್ಸಿಯ ಮೇಲೆ ಮೇಣದಂಥ ಜಿಡ್ಡು ಕೂರುತ್ತದೆ, ಮುಂದಿನ ಪದರಕ್ಕೆ ಮೊದಲು ನೀರಿನಲ್ಲಿ ತೊಳೆಯಿರಿ ಎಂದವರೂ ಅವರೇ. ಬರೀ ನೀರು ಸಾಕು ಎಂದಾಗ ನಾನು ನಂಬಿರಲಿಲ್ಲ. ನಿಜಕ್ಕೂ ಸಾಕು.

ಮರಗೆಲಸದ ಆಚಾರ್ರಿಗೆ ನಮಸ್ಕಾರ. ಫ್ರಿಜ್ಜಿನ ರಟ್ಟಿನಲ್ಲಿ ನಮೂನೆ ಕತ್ತರಿಸಿ, ಅದು ಸರಿಯಾಗಿ ಕೂರುವವರೆಗೆ ಪ್ಲೈಗೆ ಗರಗಸ ಮುಟ್ಟಿಸಲಿಲ್ಲ. ನೀರು ತಾಳುವ ಐಎಸ್ 710 ಗುರುತಿನ ಮೆರೈನ್ ಪ್ಲೈ, 19 ಮಿ.ಮೀ.ಯ ಎರಡು ಹಲಗೆ ಸೇರಿಸಿ 38. ಟ್ರಾನ್ಸಮ್ ನೆಟ್ಟಗೆ ನಿಂತಿರುವುದಿಲ್ಲ, ಹಿಂದಕ್ಕೆ ವಾಲಿರುತ್ತದೆ. ಹಾಗಾಗಿ ಕೆಳಗಿನ ಅಂಚನ್ನೂ ಓರೆಯಾಗಿ ಹೆರೆಯಬೇಕು. ಅಂಟಿಸಲು ಎಪಾಕ್ಸಿಗೆ ಸಿಲಿಕಾ ಪುಡಿ ಕಲಸಿ ಗಟ್ಟಿ ಮಾಡುವಾಗ ಹದ ಹೇಳಿದ್ದು ಮಾತ್ರ ಅತ್ತೆ. ‘ದೋಸೆ ಹಿಟ್ಟಿಗಿಂತ ಗಟ್ಟಿ, ಕಡುಬಿನ ಹಿಟ್ಟಿಗಿಂತ ತೆಳು, ಅಷ್ಟೇ ಅಲ್ವಾ?’ ಅಷ್ಟೇ ಆಗಿತ್ತು.

ಅತ್ತೆಯ ‘ಬೇಡ’ ಬೇರೆ ಥರದ್ದು. ಫೈಬರ್ ಧೂಳಿನ ಬಟ್ಟೆಯಲ್ಲಿ ಅಡುಗೆಮನೆಗೆ ಕಾಲಿಡಬೇಡ. ಗಂಜಿ, ಚಟ್ನಿ ಶೆಡ್ಡಿನ ಬಾಗಿಲಿಗೇ ಬರುತ್ತಿತ್ತು, ನನಗೂ ಅಣ್ಣನಿಗೂ ಆಚಾರ್ರಿಗೂ. ಆ ಬಟ್ಟೆಗಳನ್ನು ಉಳಿದವುಗಳ ಜೊತೆ ಒಗೆಯಬಾರದು ಎಂಬುದೂ ಅವರದೇ ಕಾನೂನು. ಮೈ ತುರಿಕೆ ಏನೆಂದು ಗೊತ್ತಿರುವವರಿಗೆ ಅದರ ಬೆಲೆ ಗೊತ್ತು.

ಕೊನೆಗೆ ಎಂಜಿನ್ ಮೆಕ್ಯಾನಿಕ್. ಹೊಸ ಟ್ರಾನ್ಸಮ್‌ಗೆ ನೇರವಾಗಿ ಬೋಲ್ಟಿನ ತೂತು ಕೊರೆಯಲು ಬಿಡಲೇ ಇಲ್ಲ. ಮೊದಲು ದೊಡ್ಡ ತೂತು, ಅದನ್ನು ಗಟ್ಟಿ ಎಪಾಕ್ಸಿಯಿಂದ ತುಂಬಬೇಕು. ಅದು ಗಟ್ಟಿಯಾದ ಮೇಲೆ ನಡುವೆ ಬೋಲ್ಟಿನ ಅಳತೆಗೆ ಇನ್ನೊಂದು ತೂತು. ಆಗ ನೀರು ಬಂದರೂ ಮರಕ್ಕೆ ಮುಟ್ಟುವುದಿಲ್ಲ. ಹಳೆಯದನ್ನು ಕಟ್ಟಿದವರು ಇಷ್ಟು ಮಾಡಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಸ್ಟೀಲ್ ಬೋಲ್ಟು, ಅಗಲದ ವಾಷರು, ಸೀಲಂಟ್. ಎಪಾಕ್ಸಿಗೆ ಬಿಸಿಲು ಆಗುವುದಿಲ್ಲ, ಆದ್ದರಿಂದ ಮೇಲೆ ಪಿಯು (ಪಾಲಿಯುರೇಥೇನ್) ಪೇಂಟ್.

ಎಂಜಿನ್ ಕೂರಿಸಿದ ದಿನ ಫೈಬರ್ ಅಣ್ಣ ಕರೆಯದೆಯೇ ಬಂದರು. ಅದರ ಕಾಲಿನ ಮೇಲೆ ಹತ್ತಿ ಎರಡು ಸಲ ಕುಪ್ಪಳಿಸಿದರು. ಟ್ರಾನ್ಸಮ್ ಅಲುಗಲಿಲ್ಲ. ‘ಹ್ಞೂಂ’ ಎಂದರು. ಅವರಿಂದ ಬಂದ ಹೊಗಳಿಕೆ ಅಷ್ಟು.

ತೆಂಗಿನ ದಿಮ್ಮಿ ಇಟ್ಟು ದೋಣಿಯನ್ನು ಹೊಳೆಗೆ ಉರುಳಿಸಿದ ಭಜನಾ ಮಂದಿರದ ಹುಡುಗರಿಗೆ ಒಂದು ಸುತ್ತು ಬಾಕಿ ಇದೆ, ನೆನಪಿದೆ. ದುಬೈಯಿಂದ ಪ್ಲೈವುಡ್ಡಿನ ದುಡ್ಡು ಕಳಿಸಿ ದಿನಾ ಫೋಟೋ ಕೇಳಿದ ತಮ್ಮನಿಗೆ, ಊರಿಗೆ ಬಂದ ಮೇಲೆ ಸೀಟು ಹೊಲಿಸುವ ಕೆಲಸ ಬಾಕಿ ಇದೆ. ಅದು ಅವನಿಗೂ ನೆನಪಿರಲಿ.

ಒಂದಷ್ಟು ಸಾಮಾನು ಉಳಿದಿದೆ. ಪ್ಲೈ ತುಂಡು, ನೇಯ್ದ ಬಟ್ಟೆ, ರೋಲರು ಬೇಕಾದವರು ಬಂದು ಸುಮ್ನೆ ತೆಗೆದುಕೊಂಡು ಹೋಗಿ. ಕ್ಲಾಂಪುಗಳನ್ನು ಮಾತ್ರ ಕೇಳಬೇಡಿ, ಅವು ಆಚಾರ್ರದ್ದು. ವಾಪಸು ಕೊಡದೆ ಅವರು ಮುಂದಿನ ಕೆಲಸಕ್ಕೆ ಬರುವುದಿಲ್ಲ ಎಂದಿದ್ದಾರೆ.