ಕೆಟ್ಟಿದ್ದು ತಂತ್ರಾಂಶವಲ್ಲ

ಮಾನ್ಯರೇ,

ನಮ್ಮ ಕಾಫಿ ತೋಟದ ಕಾರ್ಮಿಕರ ಹಾಜರಿ, ಬಟವಾಡೆ ಮತ್ತು ದಿನದ ಮಳೆಯ ಇಂಚಿನ ಲೆಕ್ಕವನ್ನೆಲ್ಲ ಇಟ್ಟುಕೊಂಡಿದ್ದ ಹಳೆಯ ತಂತ್ರಾಂಶವು, ಕಂಪ್ಯೂಟರಿಗೆ ಉಬುಂಟು 22.04 ಕಾರ್ಯಾಚರಣಾ ವ್ಯವಸ್ಥೆ ಹಾಕಿಸಿದ ಮರುದಿನವೇ ‘ಲಿಬ್‌ಎಸ್‌ಎಸ್‌ಎಲ್.ಎಸ್ಒ.1.1’ ಎಂಬ ಕಡತ ಸಿಗುತ್ತಿಲ್ಲವೆಂದು ತಿಳಿಸಿ ನಿಂತುಹೋಯಿತು. ಪೇಟೆಯ ಅಂಗಡಿಯವರು ಹೊಸ ತಂತ್ರಾಂಶ ಕೊಳ್ಳುವಂತೆ ಹೇಳಿದರು. ಆದರೆ ತಂತ್ರಾಂಶಕ್ಕೆ ಏನೂ ಆಗಿರಲಿಲ್ಲ. ಆ ಕಡತವಿರುವುದು, ಮಾಹಿತಿಯನ್ನು ಗೂಢಲಿಪಿಗೆ ತಿರುಗಿಸಲು ಹಲವು ತಂತ್ರಾಂಶಗಳು ಹಂಚಿಕೊಂಡು ಬಳಸುವ ಓಪನ್‌ಎಸ್‌ಎಸ್‌ಎಲ್ ಎಂಬ ಲೈಬ್ರರಿಯಲ್ಲಿ (ಸಿದ್ಧ ಪ್ರೋಗ್ರಾಂ ಭಾಗಗಳ ಸಂಗ್ರಹ). ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯ 1.1ನೇ ಆವೃತ್ತಿಯನ್ನು ಕೈಬಿಟ್ಟು, ಆ ಉಬುಂಟು 3ನೆಯದನ್ನಷ್ಟೇ ಕೊಡುತ್ತದೆ.

ಆದೇಶಗಳನ್ನು ಟೈಪಿಸುವ ಟರ್ಮಿನಲ್‌ನಲ್ಲಿ ‘ಎಲ್‌ಡಿಡಿ’ ಎಂದು ಬರೆದು ತಂತ್ರಾಂಶದ ಕಡತವನ್ನು ಹೆಸರಿಸಿದರೆ, ಯಾವ ಯಾವ ಲೈಬ್ರರಿ ಸಿಕ್ಕಿಲ್ಲವೆಂಬುದು ಸಾಲುಸಾಲಾಗಿ ಕಾಣುತ್ತದೆ (ಎಲ್ಲಿಂದಲೋ ಬಂದ ಕಡತಕ್ಕೆ ಮಾತ್ರ ಇದನ್ನು ಬಳಸಬಾರದು). ಹೊಸ ಲೈಬ್ರರಿಗೇ ಹಳೆಯ ಹೆಸರಿನ ಕೊಂಡಿ ಹಾಕುವ ಉಪಾಯವನ್ನು ಕೆಲವರು ಸೂಚಿಸುತ್ತಾರೆ. ಒಳಗಿನ ಹೊಂದಾಣಿಕೆ ತಪ್ಪಿದಾಗಲೇ ಆ ಹೆಸರಿನ ಸಂಖ್ಯೆ ಬದಲಾಗುವುದರಿಂದ ನನಗದು ಒಪ್ಪಿಗೆಯಿಲ್ಲ. ನಾನು ಉಬುಂಟು 20.04ರ ಅಧಿಕೃತ ಸಂಗ್ರಹದಿಂದ ಹಳೆಯ ಲೈಬ್ರರಿಯನ್ನು ತಂದು, ವ್ಯವಸ್ಥೆಯ ಕಡತಗಳೊಡನೆ ಬೆರೆಸದೆ, ತಂತ್ರಾಂಶದ ಫೋಲ್ಡರಿನಲ್ಲೇ ಇರಿಸಿ, ‘ಎಲ್‌ಡಿ_ಲೈಬ್ರರಿ_ಪಾತ್’ ಎಂಬ, ಲೈಬ್ರರಿ ಹುಡುಕುವ ಜಾಗ ತಿಳಿಸುವ ಸೆಟ್ಟಿಂಗ್ ಮೂಲಕ ಆ ತಂತ್ರಾಂಶವೊಂದಕ್ಕೇ ದಾರಿ ತೋರಿಸಿದೆ. ಲೈಬ್ರರಿಯ ಆ ಹಳೆಯ ಆವೃತ್ತಿಗೆ ಅದನ್ನು ರೂಪಿಸಿದವರ ಉಚಿತ ಬೆಂಬಲ (ಭದ್ರತಾ ದೋಷಗಳನ್ನು ಸರಿಪಡಿಸುವುದು) 2023ರ ಸೆಪ್ಟೆಂಬರಿನಲ್ಲೇ ಮುಗಿದಿರುವುದರಿಂದ, ಆ ಕಂಪ್ಯೂಟರಿಗೆ ಇಂಟರ್‌ನೆಟ್ ಕೊಟ್ಟಿಲ್ಲ.

ಇಂಥ ಮಾಹಿತಿಗೆ ತಮ್ಮ ಪತ್ರಿಕೆಯಲ್ಲಿ ವಾರಕ್ಕೊಮ್ಮೆಯಾದರೂ ಜಾಗ ಕೊಡಬೇಕೆಂದು ಕೋರುತ್ತೇನೆ.

– ಕಾಫಿ ಬೆಳೆಗಾರ, ಸೋಮವಾರಪೇಟೆ, ಕೊಡಗು