ಶನಿವಾರದ ಇಫ್ತಾರ್: ಅಡುಗೆ, ಬಡಿಸುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ, ಸಲಾಂ.

ಟೆರೇಸ್ ಮೇಲೆ 40 ಜನ. ಮಗ್ರಿಬ್ ಅಜಾನ್‌ಗೆ (ಸೂರ್ಯಾಸ್ತದ ನಮಾಜಿನ ಕರೆ) 10 ನಿಮಿಷ ಮೊದಲೇ ಪ್ರತಿ ತಟ್ಟೆಯಲ್ಲಿ 3 ಖರ್ಜೂರ, ಪಕ್ಕದಲ್ಲಿ ನೀರು ಇರಲೇಬೇಕು. ಮಾತು, ಫೋಟೊ ಎಲ್ಲ ಆಮೇಲೆ. ದಿನವಿಡೀ ನೀರೂ ಮುಟ್ಟದವರನ್ನು ಕಾಯಿಸಬಾರದು.

ಗಂಜಿಗೆ ಒಂದೂಕಾಲು ಕೆ.ಜಿ. ಅಕ್ಕಿನುಚ್ಚು, ಕಾಲು ಕೆ.ಜಿ. ಹೆಸರುಬೇಳೆ, 13 ಲೀಟರ್ ನೀರು. ಮೆಂತ್ಯ 2 ಚಮಚ ಮಾತ್ರ, ಹೆಚ್ಚಾದರೆ ಕಹಿ. ಬೇಳೆ ತಳ ಹಿಡಿಯುತ್ತದೆ, ಸೌಟು ಆಡಿಸುತ್ತಲೇ ಇರಿ. ಆರುತ್ತಾ ಗಟ್ಟಿಯಾಗುವುದರಿಂದ 2 ಲೀಟರ್ ಬಿಸಿನೀರು ಪಕ್ಕಕ್ಕಿಡಿ. ಖೀಮಾ (ಕೊಚ್ಚಿದ ಮಾಂಸ) ಬೇರೆ ಪಾತ್ರೆಯಲ್ಲೇ ಇರಲಿ, ಗಂಜಿ ಎಲ್ಲರೂ ಕುಡಿಯುವಂತಾಗಬೇಕು. ತರಕಾರಿ ಸಮೋಸ ಮೊದಲು ಕರಿಯಿರಿ, ಅದೇ ಎಣ್ಣೆಯಲ್ಲಿ ಆಮೇಲೆ ಖೀಮಾದ್ದು. ಬಿಸಿಬಿಸಿಯಾಗಿ ಮುಚ್ಚಿಟ್ಟರೆ ಹಬೆಗೆ ಮೆತ್ತಗಾಗುತ್ತವೆ. ಬುಟ್ಟಿಯಲ್ಲಿ ಪೇಪರ್ ಹಾಸಿ ಹರಡಿ.

ಜೈನ ಮನೆಯವರು ಸೂರ್ಯಾಸ್ತದ ನಂತರ ಉಣ್ಣುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಇಲ್ಲದ ತಟ್ಟೆಯನ್ನು ಅವರಿಗೆ 5.45ಕ್ಕೇ ಕೆಳಗಿನ ಹಾಲ್‌ನಲ್ಲಿ ಕೊಡಿ. ಉಪವಾಸದವರ ಎದುರು ತಿನ್ನಲು ಅವರಿಗೂ ಸಂಕೋಚ. ಆಮೇಲೆ ಮೇಲೆ ಬಂದು ಜೊತೆಗೆ ಕೂರುತ್ತಾರೆ, ಕುರ್ಚಿ ಎಣಿಸುವಾಗ ಅವರನ್ನು ಬಿಡಬೇಡಿ.

ನಮಾಜಿಗೆ ಚಾಪೆಗಳನ್ನು ಪಶ್ಚಿಮದಿಂದ ತುಸು ಉತ್ತರಕ್ಕೆ ತಿರುಗಿಸಿ ಹಾಸಿ. 15 ನಿಮಿಷ ಸಾಕು. ನಮಾಜಿಗೆ ಹೋದವರು ಬರುವವರೆಗೆ ಬಿರಿಯಾನಿ ಮುಚ್ಚಳ ತೆಗೆಯಬೇಡಿ.