ರಗ್ಬಿ ತಂಡಕ್ಕೆ ಗರಡಿ ಹುಡುಗರು ಬೇಡವೇ?

ಮಾನ್ಯರೇ,

ಭಾರತ ರಗ್ಬಿ ತಂಡಕ್ಕೆ ಯಾರನ್ನು ಆರಿಸಬೇಕು? ಮೊನ್ನೆ ನಮ್ಮೂರ ಗರಡಿಮನೆಯಲ್ಲಿ ಈ ಮಾತು ಬಂತು. 2016ರಿಂದ ಒಲಿಂಪಿಕ್ಸ್‌ನಲ್ಲಿ ಇರುವುದು ಏಳು ಜನರ ರಗ್ಬಿ. ಏಳೇಳು ನಿಮಿಷದ ಎರಡು ಅವಧಿ, ಮೈದಾನ ಮಾತ್ರ ಪೂರ್ತಿ. ಓಡಬೇಕು, ಚೆಂಡು ಹಿಡಿದವನನ್ನು ತಬ್ಬಿ ಕೆಡವಬೇಕು. ಹಿಡಿತ ಅಂದರೇನು ಅಂತ ನಮ್ಮ ಕಬಡ್ಡಿ, ಕುಸ್ತಿ ಹುಡುಗರಿಗೆ ಯಾರಾದರೂ ಹೇಳಿಕೊಡಬೇಕಾ?

ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ. ಅದು ಹೊಸದು, ರೂಢಿಯಾಗಲು ಟೈಮ್ ಬೇಕು, ಒಪ್ಪುತ್ತೇನೆ. ಭಾರೀ ಪೈಲ್ವಾನರು ಓಟದಲ್ಲಿ ಸುಸ್ತಾದಾರು. ಅವರಿಗೆ ಹದಿನೈದು ಜನರ ರಗ್ಬಿಯ ಸ್ಕ್ರಮ್ (ಎರಡೂ ತಂಡದವರು ಒತ್ತಾಗಿ ಹೆಗಲು ಕೊಟ್ಟು ಎದುರಾಳಿಗಳನ್ನು ತಳ್ಳುವುದು) ಇದೆಯಲ್ಲ, ತಳ್ಳಲಿ! ಆದರೆ ನೋಡದೇ ಬಿಡುವುದು ಸರಿಯಲ್ಲ. ಆಯ್ಕೆಗಾರರು ಒಂದು ಸಲ ಟ್ರಯಲ್ಸ್ ಇತ್ತ ಕಡೆಯೂ ಇಡಲಿ. ರೊಟ್ಟಿ ಊಟ ನಮ್ಮದು.

– ಒಬ್ಬ ಓದುಗ, ಬಾಗಲಕೋಟೆ